ಅತಿಥಿ ತಜ್ಞರು ಹಿಂತಿರುಗಿದ ಮೇಲೆ ಉಳಿಯುವುದೇನು?

ರಾಯಭಾರ ಕಚೇರಿಗಳ ತಜ್ಞ ವಿನಿಮಯ ಕಾರ್ಯಕ್ರಮಗಳು ಮತ್ತು ನಮ್ಮ ಸಣ್ಣ ಕೈಗಾರಿಕೆಗಳು

ರಾಯಭಾರ ಕಚೇರಿ ಎಂದೊಡನೆ ನಮ್ಮ ವರ್ತಕರಿಗೂ ಉದ್ಯಮಿಗಳಿಗೂ ಮೊದಲು ನೆನಪಾಗುವುದು ವೀಸಾ. ಹೆಚ್ಚೆಂದರೆ ರಫ್ತಿನ ವ್ಯವಹಾರದಲ್ಲಿ ತಂಟೆ ಉಂಟಾದಾಗ ಆ ದೇಶದ ವಾಣಿಜ್ಯ ವಿಭಾಗಕ್ಕೆ ಬರೆಯುವ ಒಂದು ಪತ್ರ. ಆದರೆ ಪ್ರಪಂಚದ ಪ್ರಮುಖ ಕೈಗಾರಿಕಾ ರಾಷ್ಟ್ರಗಳ ರಾಯಭಾರ ಕಚೇರಿಗಳು ಇವೆರಡಕ್ಕೂ ಹೊರತಾದ ಇನ್ನೊಂದು ಕಾರ್ಯವನ್ನು ಹಲವು ದಶಕಗಳಿಂದ ಸದ್ದಿಲ್ಲದೆ ನಡೆಸುತ್ತ ಬಂದಿವೆ. ತಮ್ಮ ದೇಶದ ಅನುಭವಿ ತಜ್ಞರನ್ನು ಅನ್ಯ ದೇಶಗಳಿಗೆ ಕಳುಹಿಸುವುದು, ಅನ್ಯ ದೇಶಗಳ ವೃತ್ತಿಪರರನ್ನು ತಮ್ಮಲ್ಲಿಗೆ ಕರೆಸಿಕೊಳ್ಳುವುದು, ಇದೇ ಆ ಕಾರ್ಯ. ಇಂತಹ ಯೋಜನೆಗಳ ನೆರವು ವಿಶ್ವವಿದ್ಯಾಲಯಗಳಿಗೂ ಬೃಹತ್ ಉದ್ದಿಮೆಗಳಿಗೂ ಮಾತ್ರ ಮೀಸಲೆಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ವಾಸ್ತವವಾಗಿ ಅವುಗಳಲ್ಲಿ ಕೆಲವು ರೂಪುಗೊಂಡಿರುವುದೇ ಸಣ್ಣ ಮತ್ತು ಮಧ್ಯಮ ಗಾತ್ರದ ಘಟಕಗಳಿಗಾಗಿ.

ಆದಾಗ್ಯೂ ಈ ಲೇಖನದ ಉದ್ದೇಶ ಯೋಜನೆಗಳ ಪಟ್ಟಿ ಒದಗಿಸುವುದಷ್ಟೇ ಅಲ್ಲ. ಹೊರದೇಶದ ತಜ್ಞರು ಬಂದು, ಹಾರ ಹಾಕಿಸಿಕೊಂಡು, ಉಪನ್ಯಾಸ ನೀಡಿ, ಫೋಟೋ ತೆಗೆಸಿಕೊಂಡು ಹಿಂತಿರುಗಿದ ಮೇಲೆ ಕಾರ್ಖಾನೆಯಲ್ಲಿ ಏನೂ ಬದಲಾಗದಿದ್ದರೆ ಆ ಭೇಟಿಯಿಂದ ಬಂದ ಲಾಭವೇನು? ತಜ್ಞರ ಸಂಬಳ ನಮ್ಮ ಕಿಸೆಯಿಂದ ಹೋಗದಿರಬಹುದು. ಆದರೆ ನಮ್ಮ ಮೇಸ್ತ್ರಿಗಳ, ಎಂಜಿನಿಯರುಗಳ ಸಮಯ ನಮ್ಮದೇ ಬಂಡವಾಳ. ಆದ್ದರಿಂದ ಯಾವ ಭೇಟಿ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ, ಏಕೆ ಎಂಬುದನ್ನು ಇತಿಹಾಸದಿಂದ ಅರಿತುಕೊಳ್ಳುವುದು ಅವಶ್ಯ.

ಎರಡು ದಿಕ್ಕಿನ ಸಂಚಾರ

ಈ ಕಾರ್ಯಕ್ರಮಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಆತಿಥೇಯ ರಾಷ್ಟ್ರವು ಅನ್ಯ ದೇಶಗಳ ವೃತ್ತಿಪರರನ್ನು ಕರೆಸಿಕೊಂಡು ತನ್ನ ಸಂಸ್ಥೆಗಳನ್ನು, ಜನಜೀವನವನ್ನು ಪರಿಚಯಿಸುವ ಬಗೆ. ಅಮೆರಿಕದ ಅಂತರರಾಷ್ಟ್ರೀಯ ಸಂದರ್ಶಕರ ನಾಯಕತ್ವ ಕಾರ್ಯಕ್ರಮ ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ. 1940ರಲ್ಲಿ ಲ್ಯಾಟಿನ್ ಅಮೆರಿಕದ ಪತ್ರಕರ್ತರನ್ನು ಆಹ್ವಾನಿಸುವುದರೊಂದಿಗೆ ಇದು ಆರಂಭವಾಯಿತು. ಇದಕ್ಕೆ ಅರ್ಜಿ ಹಾಕುವ ಪದ್ಧತಿ ಇಲ್ಲ. ಆಯಾ ದೇಶದಲ್ಲಿರುವ ಅಮೆರಿಕದ ರಾಯಭಾರ ಕಚೇರಿಯೇ ತನಗೆ ಯೋಗ್ಯರೆಂದು ಕಂಡವರನ್ನು ಹೆಸರಿಸುತ್ತದೆ. 1967ರಲ್ಲಿ ಲಂಡನ್ನಿನ ರಾಯಭಾರ ಕಚೇರಿ ಹೀಗೆ ಆರಿಸಿ ಕಳುಹಿಸಿದ ಸಂಸತ್ ಸದಸ್ಯೆ ಮಾರ್ಗರೆಟ್ ಥ್ಯಾಚರ್ ಅವರು 12 ವರ್ಷಗಳ ತರುವಾಯ ಬ್ರಿಟನ್ನಿನ ಪ್ರಧಾನಿಯಾದರು. ಒಂದು ದೇಶ ಇಂತಹ ಪ್ರವಾಸಗಳಿಗೆ ಹಣ ವ್ಯಯಿಸುವುದೇಕೆ ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ಬೇಕಿಲ್ಲ.

ಎರಡನೆಯದು, ತಜ್ಞರನ್ನೇ ಹೊರದೇಶಗಳ ಕಾರ್ಯಕ್ಷೇತ್ರಕ್ಕೆ ಕಳುಹಿಸುವ ಬಗೆ. ಸಣ್ಣ ಉದ್ದಿಮೆದಾರರಿಗೆ ನೇರವಾಗಿ ಉಪಯುಕ್ತವಾಗುವುದು ಇದು. ಜರ್ಮನಿಯ ಬಾನ್ ನಗರದಲ್ಲಿ 1983ರಲ್ಲಿ ಸ್ಥಾಪನೆಯಾದ ಸೀನಿಯರ್ ಎಕ್ಸ್‌ಪರ್ಟ್ ಸರ್ವಿಸ್, ನಿವೃತ್ತರಾದ ಎಂಜಿನಿಯರುಗಳು, ಬೇಕರಿ ಕಸಬಿನವರು, ಎರಕದ ತಜ್ಞರು, ಲೆಕ್ಕಪರಿಶೋಧಕರು ಮುಂತಾದವರನ್ನು ಸ್ವಯಂಸೇವಕರನ್ನಾಗಿ ಕೆಲವು ವಾರಗಳ ಅವಧಿಗೆ ವಿದೇಶಗಳಿಗೆ ಕಳುಹಿಸುತ್ತದೆ. ಅವಧಿ ಆರು ತಿಂಗಳನ್ನು ಮೀರುವುದಿಲ್ಲ. ತಜ್ಞರು ಸಂಬಳ ಪಡೆಯುವುದಿಲ್ಲ. ಅವರ ವಸತಿ, ಊಟ, ಸ್ಥಳೀಯ ಓಡಾಟ ಹಾಗೂ ಕೈಖರ್ಚಿನ ಹೊಣೆ ಆಹ್ವಾನಿಸಿದ ಸಂಸ್ಥೆಯದು. ನೆದರ್ಲೆಂಡ್ಸ್ ದೇಶದಲ್ಲಿ 1978ರಲ್ಲಿಯೇ ಉದ್ಯೋಗದಾತರ ಸಂಘಟನೆ ಮತ್ತು ಸರಕಾರ ಸೇರಿ ಪಿಯುಎಂ ಎಂಬ ಇಂತಹುದೇ ಸಂಸ್ಥೆಯನ್ನು ಹುಟ್ಟುಹಾಕಿದ್ದವು. ಜಪಾನು 1959ರಲ್ಲಿ ಆರಂಭಿಸಿದ ಎಓಟಿಎಸ್ ಸಂಸ್ಥೆಯು ಮೊದಲು ವಿದೇಶಿ ತಂತ್ರಜ್ಞರನ್ನು ಕರೆಸಿ ತರಬೇತಿ ನೀಡುವುದಕ್ಕೆ ಹೆಸರಾಗಿತ್ತು. 2012ರಲ್ಲಿ ತಜ್ಞರನ್ನು ಹೊರಗೆ ಕಳುಹಿಸುತ್ತಿದ್ದ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಎರಡೂ ಕಾರ್ಯಗಳನ್ನು ಒಂದೇ ಸೂರಿನಡಿ ತಂದಿತು.

ಭಾರತವು ಇಲ್ಲಿ ಕೇವಲ ಕೈಯೊಡ್ಡುವ ದೇಶವಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ವಿದೇಶಾಂಗ ಸಚಿವಾಲಯದ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮ, ಅಂದರೆ ಐಟೆಕ್, 1964ರ ಸೆಪ್ಟೆಂಬರ್ 15ರಂದು ಆರಂಭವಾಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಅಧಿಕಾರಿಗಳು, ತಂತ್ರಜ್ಞರು ಅಲ್ಲಿನ ಭಾರತೀಯ ರಾಯಭಾರ ಕಚೇರಿಗಳ ಮೂಲಕ ಆಯ್ಕೆಯಾಗಿ ಇಲ್ಲಿಗೆ ತರಬೇತಿಗೆ ಬರುತ್ತಾರೆ. ನಮ್ಮ ತಜ್ಞರು ಅಲ್ಲಿಗೆ ನಿಯೋಜಿತರಾಗುತ್ತಾರೆ. ಭಾರತದಲ್ಲಿ ಭಾರತೀಯ ಯಂತ್ರದ ಮೇಲೆ ಕೈ ಪಳಗಿಸಿಕೊಂಡ ತಂತ್ರಜ್ಞನು ಊರಿಗೆ ಮರಳಿದ ಮೇಲೆ ಖರೀದಿಯ ಪ್ರಸ್ತಾಪ ಬಂದಾಗ ಯಾವ ಯಂತ್ರದ ಹೆಸರು ಹೇಳುವನೆಂಬುದನ್ನು ನಮ್ಮ ರಫ್ತುದಾರರು ಊಹಿಸಬಲ್ಲರು.

ಒಂದೇ ವಿದ್ಯೆ, ಎರಡು ದೇಶ

ಅತಿಥಿ ತಜ್ಞರ ಚರಿತ್ರೆಯಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಘಟನೆ ಎಂದರೆ 1950ರಲ್ಲಿ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರು ಜಪಾನಿಗೆ ನೀಡಿದ ಭೇಟಿ. ಆದರೆ ಅದಕ್ಕೂ ಮುನ್ನ, ಡೆಮಿಂಗ್ ಅವರಿಗೇ ಮಾರ್ಗದರ್ಶಕರಾಗಿದ್ದ ಹಿರಿಯರೊಬ್ಬರು ಭಾರತಕ್ಕೆ ಬಂದಿದ್ದರೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ವಾಲ್ಟರ್ ಶೂಹಾರ್ಟ್. ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿದ್ದ ಅವರು 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯೇ, ಅಂದರೆ ಕಂಟ್ರೋಲ್ ಚಾರ್ಟ್, ಇಂದು ಪ್ರಪಂಚದ ಅನೇಕ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಸಾಂಖ್ಯಿಕ ಗುಣಮಟ್ಟ ನಿಯಂತ್ರಣದ ಮೂಲ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ಥಾಪಕರಾದ ಪ್ರೊ. ಪಿ. ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ ಅವರು 1947-48ರಲ್ಲಿ ಇಲ್ಲಿಗೆ ಬಂದು, ದೇಶದಲ್ಲಿ ಸಂಚರಿಸಿ, ಉದ್ಯಮಿಗಳ ಸಭೆಗಳಲ್ಲಿ ಈ ವಿದ್ಯೆಯನ್ನು ಪರಿಚಯಿಸಿದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಕೆಲವೇ ತಿಂಗಳುಗಳಾಗಿದ್ದವು.

ಅಂದರೆ ಗುಣಮಟ್ಟ ನಿಯಂತ್ರಣದ ಬೀಜ ಜಪಾನಿನಲ್ಲಿ ಡೆಮಿಂಗ್ ಅವರಿಂದ ಬಿತ್ತಲ್ಪಡುವ ಮುನ್ನವೇ, ಅದನ್ನು ಕಂಡುಹಿಡಿದವರ ಕೈಯಿಂದಲೇ ನಮ್ಮ ನೆಲಕ್ಕೆ ಬಿದ್ದಿತ್ತು. ಅದು ವ್ಯರ್ಥವಾಯಿತೆಂದು ಹೇಳಲಾಗದು. 1950ರ ದಶಕದ ಮೊದಲ ಭಾಗದಲ್ಲಿ ಸಾಂಖ್ಯಿಕ ಸಂಸ್ಥೆಯು ಮುಂಬಯಿ, ಬೆಂಗಳೂರು ಮತ್ತು ಕಲ್ಕತ್ತೆಗಳಲ್ಲಿ ಗುಣಮಟ್ಟ ನಿಯಂತ್ರಣ ಘಟಕಗಳನ್ನು ತೆರೆಯಿತು. ಗುಣಮಟ್ಟದ ವಿನ್ಯಾಸ ವಿಧಾನಗಳಿಗೆ ಮುಂದೆ ಜಗತ್ಪ್ರಸಿದ್ಧರಾದ ಜಪಾನಿನ ಗೆನಿಚಿ ತಗುಚಿ ಅವರು 1954-55ರಲ್ಲಿ ಇದೇ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕರಾಗಿ ಬಂದಿದ್ದರು. ಕಲಿಯಲು ಜಪಾನೀಯರು ಭಾರತಕ್ಕೆ ಬರುತ್ತಿದ್ದ ಕಾಲವೂ ಒಂದಿತ್ತು.

ಹಾಗಿದ್ದರೂ ಫಸಲು ಅಲ್ಲಿ ಹುಲುಸಾಗಿ ಬೆಳೆದು ಇಲ್ಲಿ ಸೊರಗಿದ್ದೇಕೆ? ಇದಕ್ಕೆ ಉತ್ತರ ತಜ್ಞರ ಯೋಗ್ಯತೆಯಲ್ಲಿ ಇಲ್ಲ. ಆಹ್ವಾನಿಸಿದವರ ಸಿದ್ಧತೆಯಲ್ಲಿ ಹಾಗೂ ಮಾರುಕಟ್ಟೆಯ ಒತ್ತಡದಲ್ಲಿ ಇದೆ.

ಡೆಮಿಂಗ್ ಅವರನ್ನು ಉಪನ್ಯಾಸಕ್ಕೆ ಕರೆದದ್ದು ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ. 1950ರ ಜುಲೈ ತಿಂಗಳಿನಲ್ಲಿ ಟೋಕಿಯೊದಲ್ಲಿ ನಡೆದ ಎಂಟು ದಿನಗಳ ಶಿಬಿರಕ್ಕೆ ಸುಮಾರು 230 ಮಂದಿ ಎಂಜಿನಿಯರುಗಳು ಹಾಜರಾದರು. ಆದರೆ ಡೆಮಿಂಗ್ ಅವರಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಇದೇ ವಿದ್ಯೆಯನ್ನು ಸಾವಿರಾರು ಎಂಜಿನಿಯರುಗಳಿಗೆ ಕಲಿಸಲಾಗಿತ್ತು. ಮಾಲೀಕರು, ಆಡಳಿತಗಾರರು ಕಲಿಯಲಿಲ್ಲವಾದ ಕಾರಣ ಯುದ್ಧ ಮುಗಿಯುತ್ತಲೇ ಅದೆಲ್ಲ ಮಾಸಿಹೋಯಿತು. ಅದೇ ಕಥೆ ಇಲ್ಲಿಯೂ ಆಗಬಾರದೆಂದು ಅವರು ಕಂಪೆನಿಗಳ ಮುಖ್ಯಸ್ಥರನ್ನೇ ಕಾಣಬೇಕೆಂದು ಪಟ್ಟು ಹಿಡಿದರು. ಒಕ್ಕೂಟದ ಅಧ್ಯಕ್ಷರೂ, ದೇಶದ ಉದ್ಯಮ ಸಂಘಗಳ ಮಹಾಮಂಡಳವಾದ ಕೈದಾನ್‌ರೆನ್‌ನ ಮುಖ್ಯಸ್ಥರೂ ಆಗಿದ್ದ ಇಚಿರೊ ಇಷಿಕಾವ ಅವರು ಪ್ರಮುಖ ಕಂಪೆನಿಗಳ ಅಧ್ಯಕ್ಷರನ್ನು ಒಂದೆಡೆ ಸೇರಿಸಿದರು. ಆ ಸಭೆಯನ್ನು ಸಾಧ್ಯವಾಗಿಸಿದ್ದು ಇಂದಿನ ನಮ್ಮ ವಾಣಿಜ್ಯ ಮಂಡಳಿಗಳಂತಹ ಒಂದು ಸಂಘಟನೆ ಎಂಬುದು ನಮ್ಮ ಸದಸ್ಯರಿಗೆ ವಿಶೇಷವಾಗಿ ಮುಖ್ಯವಾದ ಮಾತು.

ಅತಿಥಿ ಹಿಂತಿರುಗಿದ ಮೇಲೆ ಜಪಾನೀಯರು ಕೈಕಟ್ಟಿ ಕೂರಲಿಲ್ಲ. ಉಪನ್ಯಾಸಗಳ ಟಿಪ್ಪಣಿ ಪುಸ್ತಕವಾಗಿ ಮಾರಾಟವಾಯಿತು. ಅದರ ಗೌರವಧನವನ್ನು ಡೆಮಿಂಗ್ ಅವರು ಒಕ್ಕೂಟಕ್ಕೇ ಬಿಟ್ಟುಕೊಟ್ಟರು. ಆ ಮೂಲಧನದಿಂದ 1951ರಲ್ಲಿ ಡೆಮಿಂಗ್ ಪಾರಿತೋಷಕ ಆರಂಭವಾಯಿತು. 1954ರಲ್ಲಿ ಜೋಸೆಫ್ ಜುರಾನ್ ಅವರನ್ನು ಆಹ್ವಾನಿಸಿ ಆಡಳಿತ ವರ್ಗಕ್ಕೆ ಪಾಠ ಹೇಳಿಸಲಾಯಿತು. 1956ರಲ್ಲಿ ರೇಡಿಯೋ ಮೂಲಕವೇ ಗುಣಮಟ್ಟದ ಪಾಠಗಳು ಪ್ರಸಾರವಾದವು. 1962ರಲ್ಲಿ ಮೇಸ್ತ್ರಿಗಳಿಗೆಂದೇ ಒಂದು ಪತ್ರಿಕೆ ಹೊರಟಿತು. ಅದೇ ವರ್ಷ ಕಾರ್ಮಿಕರ ಕ್ವಾಲಿಟಿ ಸರ್ಕಲ್‌ಗಳು ಆರಂಭವಾದವು. ಎಂಟು ದಿನಗಳ ಶಿಬಿರದ ಹಿಂದೆ ಹನ್ನೆರಡು ವರ್ಷಗಳ ಅನುಸರಣೆ ಇತ್ತು. ಡೆಮಿಂಗ್ ಅವರ ಹೆಸರು ಅವರ ಸ್ವದೇಶದ ಜನಸಾಮಾನ್ಯರಿಗೆ ತಿಳಿದದ್ದು 1980ರ ಜೂನ್‌ನಲ್ಲಿ ಎನ್‌ಬಿಸಿ ದೂರದರ್ಶನದಲ್ಲಿ ಜಪಾನಿನ ಯಶಸ್ಸನ್ನು ಕುರಿತ ಕಾರ್ಯಕ್ರಮವೊಂದು ಪ್ರಸಾರವಾದ ಮೇಲೆ.

ಇನ್ನು ಮಾರುಕಟ್ಟೆಯ ಮಾತು. ಆಹಾರಧಾನ್ಯವನ್ನೂ ಕಚ್ಚಾ ಸಾಮಗ್ರಿಯನ್ನೂ ಹೊರಗಿನಿಂದ ಕೊಳ್ಳಬೇಕಾಗಿದ್ದ ಜಪಾನಿಗೆ ರಫ್ತು ಮಾಡದೆ ಬದುಕುವ ದಾರಿಯಿರಲಿಲ್ಲ. ‘ಜಪಾನಿ ಮಾಲು’ ಎಂದರೆ ಅಗ್ಗದ, ಬಾಳಿಕೆ ಬಾರದ ಮಾಲು ಎಂಬ ಅಪಖ್ಯಾತಿಯನ್ನು ಅಳಿಸಲೇಬೇಕಾಗಿತ್ತು. ನಮ್ಮಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಪರವಾನಗಿ ಪದ್ಧತಿ, ಆಮದು ನಿರ್ಬಂಧ, ಎಲ್ಲ ವಸ್ತುಗಳ ಅಭಾವ. ಸ್ಕೂಟರಿಗೆ ಹಣ ಕಟ್ಟಿದ ಗ್ರಾಹಕ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ತಿರಸ್ಕೃತ ಮಾಲಿನ ಪ್ರಮಾಣ ಇಳಿಸುವ ತುರ್ತು ಯಾರಿಗಿತ್ತು? ತಯಾರಿಸಿದ್ದೆಲ್ಲ ಮಾರಾಟವಾಗುತ್ತಿತ್ತು. ಅಗತ್ಯವೇ ಇಲ್ಲದ ಕಡೆ ಎಂತಹ ಗುರುವಿನ ಪಾಠವೂ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ.

ಕರ್ನಾಟಕದ ಅನುಭವ

ನಮ್ಮ ರಾಜ್ಯದ ಕೈಗಾರಿಕಾ ಚರಿತ್ರೆಯಲ್ಲಿ ಹೊರನಾಡ ತಜ್ಞರ ಪಾತ್ರ ಕಡಿಮೆಯೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ರಜೆ ಹಾಕಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ನೋಡಿ ಬಂದವರು. ಅವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಗೊಂಡುದರ ಹಿಂದೆ, ಹೊರಗಿನದನ್ನು ಕಂಡು ನಮ್ಮದಾಗಿಸಿಕೊಳ್ಳಬೇಕೆಂಬ ಇದೇ ದೃಷ್ಟಿ ಇತ್ತು.

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದಲೂ, 1961ರಲ್ಲಿ ಆರಂಭವಾದ ಅದರ ಕೈಗಡಿಯಾರ ವಿಭಾಗ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದಲೂ ರೂಪುಗೊಂಡವು. ಯಂತ್ರೋಪಕರಣಗಳ ಸಂಶೋಧನೆಗಾಗಿ 1962ರಲ್ಲಿ ತಲೆಯೆತ್ತಿದ ಕೇಂದ್ರೀಯ ಸಂಸ್ಥೆಗೆ, ಅಂದರೆ ಇಂದಿನ ಸಿಎಂಟಿಐಗೆ, ಆಗಿನ ಜೆಕೊಸ್ಲೊವಾಕಿಯಾ ನೆರವಾಯಿತು. 1972ರಲ್ಲಿ ಡೆನ್ಮಾರ್ಕ್ ಸರಕಾರದ ಸಹಕಾರದೊಂದಿಗೆ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಜಿಟಿಟಿಸಿ ಎಂದು ನಾವೆಲ್ಲ ಬಲ್ಲ ಈ ಕೇಂದ್ರದಲ್ಲಿ ಡೈ ಮತ್ತು ಅಚ್ಚು ತಯಾರಿಕೆ ಕಲಿತ ಯುವಕರು ರಾಜ್ಯದ ಕೈಗಾರಿಕಾ ವಸಾಹತುಗಳ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ದುಡಿಯುತ್ತಿದ್ದಾರೆ. ಕೆಲವರು ತಾವೇ ಮಾಲೀಕರಾಗಿದ್ದಾರೆ.

ಸಣ್ಣ ಕೈಗಾರಿಕೆಗಳ ಸರಕಾರಿ ವ್ಯವಸ್ಥೆಯೂ ಒಂದು ಅತಿಥಿ ತಂಡದ ಫಲವೇ. 1953-54ರಲ್ಲಿ ಭಾರತ ಸರಕಾರದ ಆಹ್ವಾನದ ಮೇಲೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಬಂದ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ದೇಶದ ಸಣ್ಣ ಉದ್ದಿಮೆಗಳನ್ನು ಪರಿಶೀಲಿಸಿ ವರದಿ ನೀಡಿತು. ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಆಯುಕ್ತರ ಕಚೇರಿ, ಪ್ರಾದೇಶಿಕ ಸೇವಾ ಸಂಸ್ಥೆಗಳು, 1955ರಲ್ಲಿ ಬಂದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಇವೆಲ್ಲ ಆ ವರದಿಯ ಬೆನ್ನಿಗೆ ಹುಟ್ಟಿದವು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಹಿರಿಯ ಸದಸ್ಯರು ‘ಸಿಸಿ’ ಎಂದು ಕರೆಯುತ್ತಿದ್ದ ಸೇವಾ ಸಂಸ್ಥೆ, ಹೆಸರು ಬದಲಾಗಿದ್ದರೂ, ಅದೇ ಪರಂಪರೆಯದು.

ಈ ಉದಾಹರಣೆಗಳಲ್ಲಿ ಸಮಾನವಾದ ಅಂಶವೊಂದಿದೆ. ತಜ್ಞರು ಬಂದದ್ದು ಭಾಷಣಕ್ಕಾಗಿ ಅಲ್ಲ. ಅವರ ಪಕ್ಕದಲ್ಲಿ ನಿಂತು ಕಲಿಯಲು ನಮ್ಮವರು ನೇಮಕಗೊಂಡಿದ್ದರು. ಅವರು ತೆರಳಿದ ಮೇಲೆ ಅದೇ ಕೆಲಸ ಮುಂದುವರಿಸಲು ಒಂದು ಸಂಸ್ಥೆ, ಕಟ್ಟಡ, ಪ್ರತಿ ವರ್ಷದ ಖರ್ಚಿಗೆ ಹಣ ಇದ್ದವು. ಉಳಿದದ್ದು ಅದರಿಂದ.

ತಡವಾಗಿ ಬಂದ ಸುಗ್ಗಿ

1991ರ ಉದಾರೀಕರಣದ ತರುವಾಯ ಮಾರುಕಟ್ಟೆಯ ಒತ್ತಡ ನಮಗೂ ತಟ್ಟಿತು. 2001ರ ಏಪ್ರಿಲ್ 1ರಿಂದ ಆಮದಿನ ಮೇಲೆ ಉಳಿದಿದ್ದ ಪರಿಮಾಣಾತ್ಮಕ ನಿರ್ಬಂಧಗಳು ತೆರವಾದಾಗ ಸಣ್ಣ ಉದ್ದಿಮೆಗಳಲ್ಲಿ ಉಂಟಾದ ಆತಂಕವನ್ನು ಅನೇಕ ಸದಸ್ಯರು ಮರೆತಿರಲಾರರು. ಆ ಹೊತ್ತಿಗೆ ವಾಹನ ಬಿಡಿಭಾಗಗಳ ತಯಾರಕರು ಮತ್ತೆ ಜಪಾನಿನತ್ತ ಮುಖ ಮಾಡಿದ್ದರು. 1998ರಲ್ಲಿ ಸುಂದರಂ ಕ್ಲೇಟನ್ ಸಂಸ್ಥೆಯ ಬ್ರೇಕ್ ವಿಭಾಗ ಡೆಮಿಂಗ್ ಪಾರಿತೋಷಕ ಪಡೆದ ಮೊದಲ ಭಾರತೀಯ ಘಟಕವಾಯಿತು. ಮೈಸೂರಿನಲ್ಲಿಯೂ ಕಾರ್ಖಾನೆ ಹೊಂದಿರುವ ಟಿವಿಎಸ್ ಮೋಟಾರ್ ಸಂಸ್ಥೆ 2002ರಲ್ಲಿ ಅದನ್ನು ಗಳಿಸಿತು. ಶೂಹಾರ್ಟ್ ಅವರು ನೇರವಾಗಿ ತಂದುಕೊಟ್ಟ ವಿದ್ಯೆಯನ್ನು ಅರ್ಧ ಶತಮಾನ ಕಳೆದ ಮೇಲೆ ನಾವು ಜಪಾನಿನ ಪ್ರಾಧ್ಯಾಪಕರಿಂದ ಮರಳಿ ಪಡೆದೆವು.

ಸರಕಾರಗಳ ಮಟ್ಟದಲ್ಲಿ ನಡೆದ ಪ್ರಯತ್ನವೂ ಉಲ್ಲೇಖಾರ್ಹ. 2006ರ ಡಿಸೆಂಬರ್‌ನಲ್ಲಿ ಪ್ರಧಾನಿ ಡಾ. ಮನಮೋಹನ್ ಸಿಂಗ್ ಅವರು ಜಪಾನಿಗೆ ಭೇಟಿ ನೀಡಿದಾಗ ಉಭಯ ದೇಶಗಳು ಒಪ್ಪಿದ ಯೋಜನೆಯಂತೆ, 2007ರಲ್ಲಿ ತಯಾರಿಕಾ ಕ್ಷೇತ್ರದ ಮುಂದಾಳುಗಳ ತರಬೇತಿ ಕಾರ್ಯಕ್ರಮ, ಅಂದರೆ ವಿಎಲ್‌ಎಫ್‌ಎಂ, ಆರಂಭವಾಯಿತು. ಜಪಾನಿನ ಜೈಕಾ ಸಂಸ್ಥೆ, ಭಾರತೀಯ ಕೈಗಾರಿಕಾ ಒಕ್ಕೂಟ, ಕಾನ್ಪುರ ಮತ್ತು ಮದ್ರಾಸ್ ಐಐಟಿಗಳು, ಕಲ್ಕತ್ತೆಯ ಐಐಎಂ ಇದರಲ್ಲಿ ಕೈಜೋಡಿಸಿದವು. ಮುಖ್ಯ ಸಲಹೆಗಾರರಾಗಿದ್ದ ಪ್ರೊ. ಶೋಜಿ ಶಿಬ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಇದರ ಅಂಗವಾಗಿ, ದೊಡ್ಡ ಗ್ರಾಹಕ ಕಂಪೆನಿಯೊಡನೆ ಅದಕ್ಕೆ ಮಾಲು ಪೂರೈಸುವ ಸಣ್ಣ ಘಟಕಗಳೂ ಕುಳಿತು ಕಲಿಯುವ ಏರ್ಪಾಡೂ ರೂಪುಗೊಂಡಿತು. ಸಣ್ಣ ಘಟಕದ ಮಾಲೀಕನು ಒಬ್ಬನೇ ಕಲಿತರೆ ಗ್ರಾಹಕನ ಬೇಡಿಕೆ ಬದಲಾಗದು; ಗ್ರಾಹಕನೊಬ್ಬನೇ ಕಲಿತರೆ ಪೂರೈಕೆದಾರನ ಮೇಲೆ ದಂಡ ಹೇರುವುದಷ್ಟೇ ಅವನಿಗೆ ತೋಚುತ್ತದೆ. ಇಬ್ಬರೂ ಜೊತೆಯಾಗಿ ಕಲಿಯಬೇಕೆಂಬ ತತ್ತ್ವ ಅನುಭವದಿಂದ ಬಂದದ್ದು.

ಆಹ್ವಾನಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಈ ಹಿನ್ನೆಲೆಯಲ್ಲಿ, ತಜ್ಞರನ್ನು ಕರೆಸಿಕೊಳ್ಳಲಿಚ್ಛಿಸುವ ಘಟಕಗಳು ಈ ಕೆಳಗಿನ ಅಂಶಗಳನ್ನು ಮುಂಚಿತವಾಗಿಯೇ ಪರಿಶೀಲಿಸುವುದು ಸೂಕ್ತ.

1. ಸಮಸ್ಯೆ ನಿರ್ದಿಷ್ಟವಾಗಿರಲಿ. ‘ನಮ್ಮ ಫೌಂಡ್ರಿಯನ್ನು ಆಧುನೀಕರಿಸಬೇಕು’ ಎಂಬ ಕೋರಿಕೆಗೆ ಸರಿಯಾದ ತಜ್ಞರನ್ನು ಹುಡುಕುವುದು ಯಾವ ಸಂಸ್ಥೆಗೂ ಕಷ್ಟ. ‘ಪಂಪಿನ ಹೊರಕವಚದ ಎರಕದಲ್ಲಿ ಗಾಳಿಗುಳ್ಳೆಗಳಿಂದಾಗಿ ನೂರಕ್ಕೆ ಇಷ್ಟು ಭಾಗ ತಿರಸ್ಕೃತವಾಗುತ್ತಿದೆ, ಅದನ್ನು ಇಳಿಸಬೇಕು’ ಎಂದು ಬರೆದರೆ ಅದೇ ಕೆಲಸದಲ್ಲಿ ಕೈ ಪಳಗಿದವರು ಸಿಗುತ್ತಾರೆ.

2. ಅಂಕಿ ಅಂಶ ಸಿದ್ಧವಿರಲಿ. ತಜ್ಞರು ಬರುವ ಮುನ್ನ ಕನಿಷ್ಠ ಆರು ತಿಂಗಳ ಉತ್ಪಾದನೆ, ತಿರಸ್ಕೃತ ಮಾಲು, ಯಂತ್ರ ನಿಂತ ಸಮಯ ಇವುಗಳ ದಾಖಲೆ ಶಿಫ್ಟ್‌ವಾರು ಇರಬೇಕು. ಇಲ್ಲವಾದರೆ ಅವರ ಮೊದಲ ಎರಡು ವಾರ ದಾಖಲೆ ಬರೆಸುವುದರಲ್ಲಿಯೇ ಕಳೆದುಹೋಗುತ್ತದೆ. ದಾಖಲೆ ಇಡಲು ಆರಂಭಿಸಿದ ಕೆಲವು ಘಟಕಗಳಿಗೆ ತಜ್ಞರ ಅಗತ್ಯವೇ ಇಲ್ಲವೆಂದು ಅರಿವಾಗುವುದೂ ಉಂಟು.

3. ಜೊತೆಗಾರರನ್ನು ನೇಮಿಸಿ. ತಜ್ಞರೊಡನೆ ದಿನವಿಡೀ ಇರಲು ಒಬ್ಬ ಎಂಜಿನಿಯರ್ ಮತ್ತು ಒಬ್ಬ ಅನುಭವಿ ಮೇಸ್ತ್ರಿಯನ್ನು ಬೇರೆ ಕೆಲಸಗಳಿಂದ ಬಿಡುಗಡೆ ಮಾಡಬೇಕು. ಒಬ್ಬರನ್ನೇ ನೇಮಿಸಿದರೆ, ಆತ ಕೆಲಸ ಬಿಟ್ಟ ದಿನ ವಿದ್ಯೆಯೂ ಗೇಟು ದಾಟುತ್ತದೆ.

4. ಭಾಷೆಯ ಏರ್ಪಾಡು ಮಾಡಿ. ಬಂದವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಇರಬಹುದು. ನಮ್ಮ ಕಾರ್ಮಿಕರಿಗೂ ಹಾಗೆಯೇ. ಯಂತ್ರದ ಬಳಿ ಬರೆದ ಸೂಚನೆಗಳು ಕನ್ನಡದಲ್ಲಿ ಉಳಿಯಬೇಕು. ಕಚೇರಿಯ ಕಡತದಲ್ಲಿರುವ ಇಂಗ್ಲಿಷ್ ವರದಿಯನ್ನು ರಾತ್ರಿ ಪಾಳಿಯ ಕೆಲಸಗಾರ ಓದುವುದಿಲ್ಲ.

5. ಮಾಲೀಕರು ಹಾಜರಿರಿ. ಮೊದಲ ದಿನದ ಸ್ವಾಗತಕ್ಕೂ ಕೊನೆಯ ದಿನದ ಸನ್ಮಾನಕ್ಕೂ ಮಾತ್ರ ಕಾಣಿಸಿಕೊಳ್ಳುವ ಮಾಲೀಕರಿಂದ ಬದಲಾವಣೆ ಸಾಧ್ಯವಾಗದು. ವಾರಕ್ಕೊಮ್ಮೆಯಾದರೂ ತಜ್ಞರೊಡನೆ ಕುಳಿತು, ಯಾವ ಸಲಹೆಗೆ ಎಷ್ಟು ಹಣ ಬೇಕು, ಯಾವುದಕ್ಕೆ ಹಣವೇ ಬೇಕಿಲ್ಲ ಎಂದು ಅಲ್ಲಿಯೇ ನಿರ್ಧರಿಸಬೇಕು.

6. ಖರ್ಚಿನ ಲೆಕ್ಕ ಹಾಕಿ. ‘ಉಚಿತ’ ತಜ್ಞರಿಗೂ ಒಂದು ತಿಂಗಳ ಒಳ್ಳೆಯ ವಸತಿ, ಅವರಿಗೆ ಒಗ್ಗುವ ಊಟ, ಕಾರು, ಅಗತ್ಯ ಬಿದ್ದರೆ ವೈದ್ಯರ ಏರ್ಪಾಡು ಬೇಕು. ಪ್ರಯಾಣದ ವೆಚ್ಚ, ವಿಮೆ ಯಾರ ಪಾಲಿನದೆಂಬುದನ್ನು ಬರಹದಲ್ಲಿ ಪಡೆಯಿರಿ. ಅವರು ಯಾವ ವರ್ಗದ ವೀಸಾ ಪಡೆದು ಬರಬೇಕೆಂಬುದನ್ನು ಅವರ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯಿಂದ ಮೊದಲೇ ತಿಳಿದುಕೊಳ್ಳುವುದು ಕ್ಷೇಮ.

7. ಗೋಪ್ಯತೆಯನ್ನು ಮರೆಯದಿರಿ. ಗ್ರಾಹಕ ಕಂಪೆನಿಯ ನಕ್ಷೆಗಳು ನಿಮ್ಮ ಸ್ವತ್ತಲ್ಲ. ಅವುಗಳನ್ನು ಹೊರಗಿನವರಿಗೆ ತೋರಿಸುವ ಮುನ್ನ ಗ್ರಾಹಕರ ಅನುಮತಿ ಅಗತ್ಯ.

ಮಿತಿಗಳೂ ಉಂಟು

ಈ ಕಾರ್ಯಕ್ರಮಗಳನ್ನು ದಾನವೆಂದು ಭಾವಿಸುವುದು ಸರಿಯಲ್ಲ. ಪ್ರತಿ ರಾಷ್ಟ್ರಕ್ಕೂ ತನ್ನದೇ ಹಿತಾಸಕ್ತಿಗಳಿವೆ. ಯಾವುದೇ ದೇಶದ ತಜ್ಞರಿಗೆ ತಮ್ಮ ದೇಶದ ಯಂತ್ರ, ತಮ್ಮ ದೇಶದ ಮಾನಕವೇ ಹೆಚ್ಚು ಪರಿಚಿತ. ಆದ್ದರಿಂದ ಸಲಹೆಯ ಕೊನೆಗೆ ಆ ದೇಶದ ಯಂತ್ರದ ಹೆಸರು ಬರುವುದು ಸಹಜ. ಅದರಲ್ಲಿ ಕುತಂತ್ರ ಹುಡುಕಬೇಕಾಗಿಲ್ಲ. ಹಾಗೆಂದು ದರಪಟ್ಟಿ ತರಿಸಿ ಹೋಲಿಸುವುದನ್ನು ಬಿಡಲೂ ಬೇಕಾಗಿಲ್ಲ. ಎರಡನೆಯದಾಗಿ, ಐನೂರು ಮಂದಿಯ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿದವರ ಸಲಹೆ ಹದಿನೈದು ಮಂದಿಯ ಶೆಡ್ಡಿಗೆ ಹಾಗೆಯೇ ಹೊಂದಲಾರದು. ವಿದ್ಯುತ್ ಕಡಿತ, ಕಚ್ಚಾ ಸಾಮಗ್ರಿಯ ಏರುಪೇರು, ಬಿಲ್ಲು ಪಾವತಿಯ ವಿಳಂಬ ಇವು ನಮ್ಮ ನಿತ್ಯದ ಸತ್ಯಗಳು. ಇವನ್ನು ಅತಿಥಿಗಳಿಗೆ ಮುಚ್ಚಿಡದೆ ಹೇಳಿದರೆ ಮಾತ್ರ ಸಲಹೆ ನೆಲಕ್ಕಿಳಿಯುತ್ತದೆ.

ಮೂರನೆಯದು, ಈ ನೆರವು ಶಾಶ್ವತವಲ್ಲ. ಅಭಿವೃದ್ಧಿ ನೆರವಿಗಾಗಿ 1961ರಲ್ಲಿ ಸ್ಥಾಪನೆಯಾಗಿ ಆರು ದಶಕಗಳ ಕಾಲ ಅನೇಕ ದೇಶಗಳಿಗೆ ತಜ್ಞರನ್ನು ಕಳುಹಿಸಿದ ಅಮೆರಿಕದ ಯುಎಸ್‌ಏಡ್ ಸಂಸ್ಥೆಯ ಕಾರ್ಯಭಾರ 2025ರ ಜುಲೈ 1ರಂದು ಕೊನೆಗೊಂಡು, ಉಳಿದ ಕೆಲಸಗಳು ಅಲ್ಲಿನ ವಿದೇಶಾಂಗ ಇಲಾಖೆಗೆ ಸೇರಿದವು. ಭಾರತದ ಆರ್ಥಿಕ ಬಲ ಹೆಚ್ಚಿದಂತೆ ಇತರ ರಾಷ್ಟ್ರಗಳೂ ಉಚಿತ ನೆರವನ್ನು ಬಡ ದೇಶಗಳತ್ತ ತಿರುಗಿಸುವುದು ನ್ಯಾಯವೇ. ಹೀಗಾಗಿ ಖರ್ಚಿನ ಹೆಚ್ಚಿನ ಪಾಲನ್ನು ನಾವೇ ಹೊತ್ತು, ಸಮಾನರಾಗಿ ವಿದ್ಯೆಯನ್ನು ಕೊಟ್ಟು ಕೊಳ್ಳುವ ಕಾಲಕ್ಕೆ ಸಿದ್ಧರಾಗಬೇಕು.

ವಾಣಿಜ್ಯ ಮಂಡಳಿಗಳ ಹೊಣೆ

ಒಂದು ಸಣ್ಣ ಘಟಕಕ್ಕೆ ಒಬ್ಬ ತಜ್ಞರ ತಿಂಗಳ ಖರ್ಚು ಹೊರೆಯಾಗಬಹುದು. ಒಂದೇ ಕೈಗಾರಿಕಾ ವಸಾಹತಿನಲ್ಲಿರುವ, ಒಂದೇ ಬಗೆಯ ತೊಂದರೆಯುಳ್ಳ ಆರೇಳು ಘಟಕಗಳು ಸೇರಿದರೆ ಅದು ಹಗುರವಾಗುತ್ತದೆ. ಬೆಳಗಾವಿಯ ಎರಕದ ಘಟಕಗಳಾಗಲಿ, ಪೀಣ್ಯದ ಯಂತ್ರಭಾಗ ತಯಾರಕರಾಗಲಿ, ಮಂಗಳೂರಿನ ಗೋಡಂಬಿ ಸಂಸ್ಕರಣಾ ಘಟಕಗಳಾಗಲಿ ಹೀಗೆ ಗುಂಪಾಗಿ ಕೋರಿಕೆ ಸಲ್ಲಿಸಬಹುದು. ಪೈಪೋಟಿಯವರನ್ನು ತಮ್ಮ ಶೆಡ್ಡಿನೊಳಗೆ ಬಿಡಲು ಮಾಲೀಕರು ಹಿಂಜರಿಯುತ್ತಾರೆಂಬುದು ನಿಜ. ಆದರೆ ಸ್ಪರ್ಧೆ ಇಂದು ಪಕ್ಕದ ಶೆಡ್ಡಿನವರೊಡನೆ ಮಾತ್ರವಲ್ಲ, ಸಮುದ್ರದಾಚೆಯಿಂದ ಕಂಟೇನರ್‌ನಲ್ಲಿ ಬಂದಿಳಿಯುವ ಮಾಲಿನೊಡನೆ.

ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮೊದಲಾದ ದೇಶಗಳ ದೂತಾವಾಸಗಳೂ, ಬ್ರಿಟನ್ನಿನ ಉಪ ಹೈಕಮಿಷನ್ ಕಚೇರಿಯೂ ಬೆಂಗಳೂರಿನಲ್ಲಿಯೇ ಇವೆ. ಅವುಗಳ ವಾಣಿಜ್ಯ ಹಾಗೂ ವಿಜ್ಞಾನ ವಿಭಾಗಗಳೊಡನೆ ಸಂಪರ್ಕವಿರಿಸಿಕೊಳ್ಳುವುದು, ಸದಸ್ಯರ ಅಗತ್ಯಗಳನ್ನು ಪಟ್ಟಿ ಮಾಡಿ ಮುಂದಿಡುವುದು, ತಜ್ಞರು ಬಂದು ಹೋದ ಆರು ತಿಂಗಳಿಗೆ ಹಾಗೂ ಒಂದು ವರ್ಷಕ್ಕೆ ಫಲಿತಾಂಶವನ್ನು ಅಳೆದು ಇಂತಹ ಪತ್ರಿಕೆಗಳಲ್ಲಿ ಪ್ರಕಟಿಸುವುದು ಮಂಡಳಿಗಳು ಮಾಡಬಹುದಾದ ಕೆಲಸ. ನಿವೃತ್ತರಾದ ನಮ್ಮದೇ ತಂತ್ರಜ್ಞರ ಒಂದು ಪಟ್ಟಿಯನ್ನು ಸಿದ್ಧಪಡಿಸುವುದೂ ಅಷ್ಟೇ ಅಗತ್ಯ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ಮೂವತ್ತು, ನಲವತ್ತು ವರ್ಷ ದುಡಿದು ಮನೆಯಲ್ಲಿ ಕುಳಿತಿರುವ ಅನುಭವ ಅಪಾರ. ಜರ್ಮನರು 1983ರಲ್ಲಿ ತಮ್ಮ ನಿವೃತ್ತರನ್ನು ಕಂಡ ಕಣ್ಣಿನಿಂದ ನಾವು ನಮ್ಮವರನ್ನು ಕಂಡರೆ, ಹುಬ್ಬಳ್ಳಿಯ ಘಟಕವೊಂದಕ್ಕೆ ಬೇಕಾದ ಅತಿಥಿ ತಜ್ಞರು ಮಲ್ಲೇಶ್ವರದಲ್ಲಿಯೇ ಸಿಗಬಹುದು.

1947-48ರಲ್ಲಿ ನಮ್ಮ ದೇಶಕ್ಕೆ ಬಂದ ಶ್ರೇಷ್ಠ ತಜ್ಞರ ವಿದ್ಯೆ ಕಾರ್ಖಾನೆಯ ನೆಲದ ಮೇಲೆ ಫಲ ಕೊಡಲು ಐವತ್ತು ವರ್ಷ ಹಿಡಿಯಿತು. ಅಂದು ಮಾರುಕಟ್ಟೆ ನಮ್ಮನ್ನು ಕಾಯುತ್ತಿತ್ತು, ಇಂದು ಕಾಯುವುದಿಲ್ಲ. ಮುಂದಿನ ಅತಿಥಿಗೆ ಆಹ್ವಾನ ಪತ್ರ ಬರೆಯುವ ಮುನ್ನ, ಅವರಿಗೆ ತೋರಿಸಬೇಕಾದ ತಿರಸ್ಕೃತ ಮಾಲಿನ ದಾಖಲೆ ಪುಸ್ತಕವನ್ನು ಈ ತಿಂಗಳಿನಿಂದಲೇ ಬರೆಯಲು ಆರಂಭಿಸುವುದು ಪ್ರತಿ ಘಟಕಕ್ಕೂ ಸಾಧ್ಯವಿರುವ, ಖರ್ಚಿಲ್ಲದ ಮೊದಲ ಹೆಜ್ಜೆ.